ಬೆನ್ನ ಹಿಂದಿನ ಗಿಲಕಿ

ತೀರಿಕೊಂಡ ಅಮ್ಮನ ತಲೆಯನ್ನು ಮಗಳು ಬಾಚುತ್ತಿದ್ದಾಗ ಅಡುಗೆಮನೆಯಲ್ಲಿ ಪಾತ್ರೆಗಳ ರಾಶಿ ದಡಾರನೆ ಕುಸಿಯಿತು. ಕೂತವರೆಲ್ಲ ಬೆಚ್ಚಿ ಆ ಕಡೆ ತಿರುಗಿದರು. ಅಜ್ಜಿಯ ಕಾಲ ಬಳಿ ಕೂತಿದ್ದ ಮೊಮ್ಮಗು ಮಾತ್ರ ಹೊದಿಕೆಯ ದಾರ ಎಳೆಯುತ್ತಲೇ ಇತ್ತು.

"ಎಂಥಾ ಗಟ್ಟಿಗಿತ್ತಿ ನೋಡು, ಹೆದರ್ಲೇ ಇಲ್ಲ," ಅಂದಳು ಪಕ್ಕದ ಮನೆಯಾಕೆ.

ಮಗಳು ಬಾಚುವುದನ್ನು ನಿಲ್ಲಿಸಿ ಮಗುವಿನ ಕಡೆ ನೋಡಿದಳು. ಬೆಳಗಿನಿಂದ ಅಮ್ಮ ತನ್ನ ಬೆನ್ನ ಹಿಂದೆಯೇ ನಿಂತಂತೆ ಅನಿಸುತ್ತಿತ್ತು. ತಿರುಗಿದರೆ ಬರೀ ಗೋಡೆ.

ಅಮ್ಮ ಶಿಶುವಿಹಾರದ ಟೀಚರ್. ಪುಟ್ಟ ಮಕ್ಕಳ ಬೆನ್ನ ಹಿಂದೆ ಗಿಲಕಿ ಆಡಿಸಿ, ಕಿವಿ ಕೇಳಿಸುತ್ತದೋ ಇಲ್ಲವೋ ನೋಡುವುದು ಅವಳ ಪದ್ಧತಿ. ಮದುವೆಮನೆಗೂ ಕೈಚೀಲದಲ್ಲಿ ಗಿಲಕಿ ಇರುತ್ತಿತ್ತು. ಗಿಲಕಿ ಟೀಚರ್ ಬಂದಳೆಂದರೆ ಹಸುಗೂಸಿನ ತಾಯಂದಿರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

*

ಹೋದ ತಿಂಗಳು ಅಮ್ಮ ಹಾಸಿಗೆಯಲ್ಲೇ ಗಿಲಕಿ ಹಿಡಿದು ಕೂತಿದ್ದಳು.

"ಒಂದೇ ಒಂದ್ಸಲ ನೋಡ್ತೀನಿ ಕಣೇ."

"ಬೇಡಮ್ಮ. ಕಂಡೋರ ಮಕ್ಕಳಲ್ಲೆಲ್ಲ ಕೊರತೆ ಹುಡುಕಿದ್ದಾಯ್ತು. ನನ್ನ ಮಗೂನಾದ್ರೂ ಬಿಟ್ಬಿಡು."

"ಕೊರತೆ ಅಲ್ವೇ. ಬೇಗ ಗೊತ್ತಾದ್ರೆ ಬೇಗ ಕಲಿಸೋಕೆ ಶುರು ಮಾಡ್ಬಹುದು."

ಮಗಳು ಗಿಲಕಿ ಕಸಿದುಕೊಂಡು ಬೀರುವಿನಲ್ಲಿಟ್ಟಳು. ಅಮ್ಮ ಮತ್ತೆ ಕೇಳಲಿಲ್ಲ.

*

"ನಿಮ್ಮಮ್ಮಂಗೆ ಸಾಯೋ ತನಕ ಆ ಹುಡುಗೀದೇ ಕೊರಗು," ಅಂದಳು ಶಿಶುವಿಹಾರದ ಹಳೇ ಆಯಾ, ಗೋಡೆಗೊರಗಿ.

"ಯಾವ ಹುಡುಗಿ, ಆಯಮ್ಮ?"

"ನಿಮ್ಮಮ್ಮ ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ರು. ಗಿಲಕಿ ಆಡಿಸಿದ್ರು, ಹುಡುಗಿ ತಿರುಗ್ತು. ಕಿವಿ ಚೆನ್ನಾಗಿದೆ ಅಂದ್ಬಿಟ್ರು. ಅದು ತಿರುಗಿದ್ದು ಸದ್ದಿಗಲ್ಲಮ್ಮ. ಹಿಂದೆ ಕಿಟಕಿ ಇತ್ತು, ಟೀಚರ್ ಕೈ ನೆರಳು ಎದುರು ಗೋಡೆ ಮೇಲೆ ಆಡ್ತಿತ್ತು. ನಿಜ ಗೊತ್ತಾಗೋ ಹೊತ್ತಿಗೆ ಹುಡುಗಿ ಬೆಳೆದ್ಬಿಟ್ಟಿತ್ತು. ಹೇಳಿದ್ದು ಕೇಳಲ್ಲ ಅಂತ ಶಾಲೇಲಿ ಹೊಡೆದೂ ಹೊಡೆದೂ ಮೂಲೆಗೆ ಕೂರ್ಸಿದ್ರು. ಮಾತು ಕಲಿಯೋ ವಯಸ್ಸೇ ಕೈತಪ್ಪಿ ಹೋಗಿತ್ತು." ಆಯಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತಿಂದ ಟೀಚರ್ ಪರದೆ ಎಳೀದೆ ಗಿಲಕಿ ಮುಟ್ಟಿದ್ದಿಲ್ಲ."

ಮಗಳು ಮಗುವನ್ನೇ ನೋಡಿದಳು. ನಿನ್ನೆ ತಾನು ಬಾಗಿಲಿಂದ ಕರೆದಾಗ ಅದು ತಿರುಗಿ ನಕ್ಕಿತ್ತು. ಆಗ ತನ್ನ ಬೆನ್ನಿಗೆ ಬಿಸಿಲಿತ್ತು.

ಹೊರಗೆ ವಾಹನ ಬಂದು ನಿಂತಿತು. "ಹೊತ್ತಾಯ್ತು, ಎತ್ತೋಣ್ವಾ?" ಅಂದ ಗಂಡ.

"ಒಂದ್ನಿಮಿಷ ಇರಿ."

ಅವಳು ಬೀರು ತೆಗೆದಳು. ಕಿಟಕಿಯ ಪರದೆ ಎಳೆದಳು. ಗೋಡೆಯ ಮೇಲೆ ನೆರಳಿಲ್ಲವೆಂದು ಖಾತ್ರಿ ಮಾಡಿಕೊಂಡು ಮಗುವಿನ ಹಿಂದೆ ಮಂಡಿಯೂರಿದಳು. ಅಮ್ಮನಂತೆ ಬೆನ್ನ ಹಿಂದೆ ಗಿಲಕಿ ಹಿಡಿದು ಜೋರಾಗಿ ಆಡಿಸಿದಳು.

ಆಯಾ ತಿರುಗಿದಳು. ಗಂಡ ತಿರುಗಿದ. ಅಂಗಳದಲ್ಲಿದ್ದ ಚಾಲಕ ಕೂಡ ಒಳಗೆ ಇಣುಕಿದ.

ಮಗು ಅಜ್ಜಿಯ ಕಾಲಿನ ತಣ್ಣನೆಯ ಹೆಬ್ಬೆರಳು ಹಿಡಿದು, ಅವಳ ಮುಖವನ್ನೇ ನೋಡುತ್ತ ಕೂತಿತ್ತು.