ಮಾಳಮ್ಮ ನೀರಿಗೆ ಬಿಟ್ಟ ಹಿಬ್ರೂ ಗ್ರಂಥ

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಭೀಮಾ ನದಿಯಿಂದ ಶುರು ಮಾಡಿದ್ದೆ. ವರ್ಣನೆಯೇ ಒಂದು ಪುಟ ತಿಂದಿತು. ಹರಿದು ಹಾಕಿದೆ. ನೇರವಾಗಿ ಹೇಳುತ್ತೇನೆ: ೧೯೪೧ರಲ್ಲಿ ಮಣ್ಣೂರಿನ ಹೊರಗಿನ ಕೇರಿಯ ದೇವೀಂದ್ರಪ್ಪ ಕಲಬುರ್ಗಿಯ ಒಂದು ಕಾಲೇಜಿನಲ್ಲಿ ಪ್ರಾಚೀನ ಹಿಬ್ರೂ ಧರ್ಮಗ್ರಂಥದ ಅಭ್ಯಾಸ ಶುರು ಮಾಡಿದ.

(ನಂಬುವುದಿಲ್ಲವೇ? ನನಗೂ ಕಷ್ಟವಾಯಿತು. ಮುಂದೆ ಹೋಗೋಣ.)

೧.
ಹಿಬ್ರೂವೇ ಯಾಕೆ ಎಂದು ಅವನನ್ನೇ ಕೇಳಿದೆ.

"ನಮ್ಮೂರಾಗಿನ ಪೋಥಿ-ಪುರಾಣ ಮುಟ್ಟಾಕ ಬಿಡಲಿಲ್ರಿ. ಇದನ್ನ ಮಾಸ್ತರ್ರು ತಾವಾಗೇ ಕೈಯಾಗ ಕೊಟ್ರು."

ಉರ್ದು ಶಾಲೆಯಲ್ಲಿ ಕಲಿತವನಿಗೆ ಬಲದಿಂದ ಎಡಕ್ಕೆ ಓದುವುದು ಹೊಸದೂ ಅಲ್ಲ. ಇಡೀ ತರಗತಿಗೆ ಇದ್ದದ್ದು ಒಂದೇ ಪ್ರತಿ, ಹೊಲಿಗೆ ಬಿಚ್ಚಿದ್ದು. ರಜೆಯಲ್ಲಿ ಓದಲೆಂದು ಅದನ್ನು ಅವನಿಗೆ ಕೊಡುವಾಗ ಯಾಕೂಬಸಾಬ ಮಾಸ್ತರರು ಹೇಳಿದ್ದರು: ಗ್ರಂಥ ವಾಪಸ್ ಬರದಿದ್ದರೆ ನೀನೂ ಬರಬೇಡ.

೨.
ಹಳೆಯ ಡ್ರಾಫ್ಟಿನಲ್ಲಿ ಇಲ್ಲೊಬ್ಬ ಕಳ್ಳ ಬರುತ್ತಿದ್ದ. ತೆಗೆದೆ. ಕಳ್ಳ ಬೇಕಾಗಿರಲಿಲ್ಲ.

ದೇವೀಂದ್ರಪ್ಪ ಅಫಜಲಪುರಕ್ಕೆ ಹೋಗಿದ್ದ ದಿನ ಅವನ ತಾಯಿ ಮಾಳಮ್ಮ ಆ ಗ್ರಂಥವನ್ನು ಕೈಗೆತ್ತಿಕೊಂಡಳು. ಓದುವ ಮೊದಲು ಮಗ ಅದನ್ನು ಕಣ್ಣಿಗೊತ್ತಿಕೊಳ್ಳುವುದನ್ನು ಕಂಡಿದ್ದಳು. ಹಾಳೆಗಳು ಉದುರುತ್ತಿದ್ದವು. ಜೀರ್ಣವಾದ ಪೋಥಿಯನ್ನು ಮೇಲಿನ ಓಣಿಯವರು ಭೀಮೆಗೆ ಬಿಡುವುದನ್ನು ಅವಳು ದೂರ ನಿಂತು ನೋಡಿದವಳು. ಅವಳ ಮನೆಯಲ್ಲಿ ಹಾಗೆ ಬಿಡುವಂಥದ್ದು ಎಂದೂ ಇರಲಿಲ್ಲ. ಈಗ ಇತ್ತು.

ಅರಿಶಿನ ಹಚ್ಚಿದಳು. ಇನ್ನೂ ಹೊಲಿಸದ ಕುಬಸದ ಖಣದಲ್ಲಿ ಸುತ್ತಿದಳು. ನಡುಮಟ್ಟ ನೀರಿಗಿಳಿದು ಬಿಟ್ಟುಬಂದಳು.

೩.
ಅಂತ್ಯ ಒಂದು: ಮಗ ತಾಯಿಯನ್ನು ಬೈಯುತ್ತಾನೆ.

ಮಾಳಮ್ಮ ಒಪ್ಪಲಿಲ್ಲ. "ಅಂವ ಬೈಯಂಗಿಲ್ಲ ತಮ್ಮಾ. ನೀ ಕಥ್ಯಾಗ ಬರದೀ ಅಂತ ಬೈತಾನೇನು?"

ಅಂತ್ಯ ಎರಡು: ಚಲೋ ಮಾಡಿದಿ ಎಂದು ಮಗ ಸುಳ್ಳು ಹೇಳಿ, ಓದು ಬಿಟ್ಟು ಊರಲ್ಲೇ ಉಳಿಯುತ್ತಾನೆ. (ಇದು ನನಗೆ ಹಿಡಿಸಿತ್ತು. ನಾಚಿಕೆಯಾಗಬೇಕು.) ಇದಕ್ಕೆ ದೇವೀಂದ್ರಪ್ಪ ಒಪ್ಪಲಿಲ್ಲ, ತನ್ನವ್ವನನ್ನು ಅಷ್ಟು ದಡ್ಡಿ ಮಾಡಬೇಡಿ ಎಂದ. ತಾಯಿಗೆ ನಿಜವನ್ನೇ ಹೇಳಿದ: ಆ ಗ್ರಂಥವಿಲ್ಲದೆ ಕಾಲೇಜಿಗೆ ಹೋಗುವಂತಿಲ್ಲ.

ಮಾಳಮ್ಮ ತನ್ನ ಅಂಗೈ ನೋಡಿಕೊಂಡಳು. ಅರಿಶಿನ ಇನ್ನೂ ಹೋಗಿರಲಿಲ್ಲ.

"ನಡಿ," ಅಂದಳು. "ನೀರಿಗೆ ಬಿಟ್ಟಾಕಿ ನಾನು. ನಾನೇ ಹೇಳ್ತೇನಿ."

೪.
ಕಲಬುರ್ಗಿ, ಮಾಸ್ತರರ ಮನೆ. (ದಾರಿಯ ಧೂಳು ಬರೆದಿಲ್ಲ; ಬೇಕಾದವರು ಸೇರಿಸಿಕೊಳ್ಳಿ.)

ಹೇಗೆ ಬಿಟ್ಟಿರಿ ಎಂದು ಯಾಕೂಬಸಾಬರು ಕೇಳಿದರು. ಖಣ, ಅರಿಶಿನ, ಕಾಲು ತಾಗದಂತೆ ತಲೆಯ ಮೇಲೆ ಹೊತ್ತು ಹೋದದ್ದು, ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದರು. ಯೆಹೂದಿಗಳೂ ಹರಿದ ಗ್ರಂಥವನ್ನು ಎಸೆಯುವುದಿಲ್ಲ, ಮನುಷ್ಯರಿಗೆ ಕೊಟ್ಟ ಹಾಗೆ ಮಣ್ಣು ಕೊಡುತ್ತಾರೆ ಎಂದರು. ಆದರೆ ಗ್ರಂಥವಂತೂ ಹೋಗಿತ್ತು, ತರಗತಿಗೆ ಬೇರೆ ಪ್ರತಿ ಇರಲಿಲ್ಲ. ಒಂದು ಕುರ್ಚಿ ಸರಿಸಿ ಕೂಡಲು ಹೇಳಿದರು.

"ನನಗ್ಯಾಕ್ರಿ ಕುರ್ಚಿ," ಅಂದಳು ಮಾಳಮ್ಮ. "ನನ್ನ ಮಗನ್ನ ಕ್ಲಾಸಿನ್ಯಾಗ ಕುಂಡ್ರಸ್ರಿ."

ಮಾಸ್ತರರ ಉತ್ತರವನ್ನು ಬರೆದು ಬರೆದು ಹೊಡೆದುಹಾಕಿದ್ದೇನೆ. ಓದುಗರೇ, ಹೌದು ಎಂದರೆ ನಿಮಗೆ ಸಮಾಧಾನ. ಇಲ್ಲ ಎಂದರೆ ದುಃಖದ ಅಂತ್ಯ ಹಿಡಿಸುವ ನನ್ನಂಥ ಬರಹಗಾರರಿಗೆ ಸಮಾಧಾನ. ಎರಡನ್ನೂ ಅವಳಿಗೆ ತೋರಿಸಿದೆ. ಓದು ಬಾರದವಳು, ಹಾಳೆ ನೋಡಲಿಲ್ಲ, ಮಾಸ್ತರರ ಮುಖವನ್ನೇ ನೋಡುತ್ತಿದ್ದಾಳೆ.

ಆ ಕುರ್ಚಿಯಲ್ಲಿ ಇನ್ನೂ ಕೂತಿಲ್ಲ.