ಕಂಡಿದ್ದೋ, ಕಟ್ಟಿದ್ದೋ?

ಮೈದಾನದಲ್ಲಿ ಪತ್ರಕರ್ತರಿಗೆಂದು ಇದ್ದದ್ದು ಒಂದೇ ಫೋನು. ಅದು ಸ್ಟ್ಯಾನ್ಲಿ ಹೋಲ್ರಾಯ್ಡನ ಕಿವಿಗೆ ಅಂಟಿಕೊಂಡಿತ್ತು. ಥಾರ್ನ್‌ಶಾ ಊರಿನ ಫುಟ್‌ಬಾಲ್ ತಂಡದ ಬಗ್ಗೆ ಮೂವತ್ತೊಂದು ವರ್ಷಗಳಿಂದ ಬರೆಯುತ್ತಿದ್ದವನು ಅವನು. ಬರೆಯುತ್ತಿದ್ದ ಎನ್ನುವುದೂ ಪೂರ್ತಿ ಸರಿಯಲ್ಲ. ಶನಿವಾರ ಅವನು ಪೆನ್ನನ್ನೇ ಮುಟ್ಟುತ್ತಿರಲಿಲ್ಲ. ಆಟ ನಡೆಯುತ್ತಿದ್ದಂತೆ ಅವನು ಫೋನಿನಲ್ಲಿ ವಿರಾಮಚಿಹ್ನೆಗಳ ಸಮೇತ ಹೇಳುತ್ತಾ ಹೋಗಬೇಕು, ಎರಡು ಮೈಲಿ ಆಚೆ ಕಚೇರಿಯಲ್ಲಿ ಎಡ್ನಾ ಹ್ಯಾಸ್ಲಮ್ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತಾ ಹೋಗಬೇಕು. ಕೊನೆಯ ಸೀಟಿ ಊದಿ ಮುಕ್ಕಾಲು ಗಂಟೆಯೊಳಗೆ ಆಟದ ಸುದ್ದಿಯ ಗುಲಾಬಿ ಕಾಗದದ ಪತ್ರಿಕೆ ಬೀದಿಗೆ ಬರಬೇಕು. ಐದು ನಿಮಿಷ ತಡವಾದರೂ ಪಬ್ಬಿನ ಮುಂದೆ ಕಾದು ನಿಂತ ಗಂಡಸರು ಸಂಪಾದಕನ ವಂಶವನ್ನೇ ಜಾಲಾಡುತ್ತಿದ್ದರು.

ಸ್ಟ್ಯಾನ್ಲಿಗೆ ಒಂದು ಚಾಳಿ. ಸಪ್ಪೆ ಆಟಕ್ಕೆ ಉಪ್ಪು ಖಾರ ಹಚ್ಚುವುದು. ಒಮ್ಮೆ ದಟ್ಟ ಮಂಜಿನಲ್ಲಿ ಆದ ಗೋಲನ್ನು, ಹೊಡೆದವನ ಕಣ್ಣಿನ ಹೊಳಪಿನ ಸಮೇತ ಬಣ್ಣಿಸಿದ್ದ. ಎಡ್ನಾ ಟೈಪ್ ನಿಲ್ಲಿಸಿದ್ದಳು. "ನಂಗಿಲ್ಲಿ ಎದುರುಗಡೆ ಬ್ಯಾಂಕೇ ಕಾಣ್ತಿಲ್ಲ, ನಿಂಗೆ ಅವನ ಕಣ್ಣು ಕಾಣ್ತಾ? ಕಂಡಿದ್ದೋ, ಕಟ್ಟಿದ್ದೋ?"

"ಕಟ್ಟಿದ್ದು ತಾಯಿ, ಕಟ್ಟಿದ್ದು," ಎಂದು ಅವನು ನಕ್ಕು ಒಪ್ಪಿಕೊಂಡಿದ್ದ.

ಅಂದಿನಿಂದ ಹತ್ತೊಂಬತ್ತು ವರ್ಷ, ಅನುಮಾನ ಬಂದಾಗಲೆಲ್ಲ ಅವಳು ಅದನ್ನೇ ಕೇಳುತ್ತಿದ್ದಳು. ಆ ಒಂದು ಪ್ರಶ್ನೆಗೆ ಮಾತ್ರ ಅವನು ಎಂದೂ ಸುಳ್ಳು ಹೇಳಿರಲಿಲ್ಲ. ಸ್ಟ್ಯಾನ್ಲಿ ಬರೆದರೆ ನಂಬಬಹುದು ಎಂದು ಊರು ಹೊಗಳುತ್ತಿತ್ತಲ್ಲ, ಆ ಹೊಗಳಿಕೆಯಲ್ಲಿ ಅರ್ಧ ಅವಳದ್ದು. ಅದು ಅವನಿಗೂ ಗೊತ್ತಿತ್ತು.

ಈ ಶನಿವಾರ ಗೋಲಿನಲ್ಲಿ ನಿಂತಿದ್ದವನು ಎಡ್ನಾಳ ಮಗ ಕೀತ್. ಕಾಯಂ ಗೋಲ್‌ಕೀಪರ್‌ಗೆ ಮಂಗನಬಾವು ಬಂದು ಮಲಗಿದ್ದರಿಂದ, ಇಪ್ಪತ್ತರ ಹುಡುಗನಿಗೆ ಮೊದಲ ಅವಕಾಶ. "ರಜೆ ಹಾಕಿ ಬಾ," ಎಂದು ಸ್ಟ್ಯಾನ್ಲಿ ಬೆಳಗ್ಗೆಯೇ ಕರೆದಿದ್ದ.

"ಬಂದ್ರೂ ಕಣ್ಣು ಮುಚ್ಕೊಂಡೇ ಕೂತಿರ್ತೀನಿ. ನಿನ್ನ ಬಾಯಿಂದಾನೇ ಕೇಳ್ತೀನಿ ಬಿಡು," ಎಂದಿದ್ದಳು.

ಅರವತ್ತೆರಡನೆಯ ನಿಮಿಷ. ಕೆಸರೆದ್ದ ಮೈದಾನದಲ್ಲಿ ಎದುರಾಳಿಯೊಬ್ಬ ಚೆಂಡಿನೊಂದಿಗೆ ಒಂಟಿಯಾಗಿ ನುಗ್ಗಿದ.

"ಹ್ಯಾಸ್ಲಮ್ ಗೋಲು ಬಿಟ್ಟು ಮುಂದೆ ಓಡಿದ, ಅಲ್ಪವಿರಾಮ, ಎದುರಾಳಿಯ ಕಾಲಿಗೇ ಹಾರಿ ಚೆಂಡನ್ನು..."

ಸ್ಟ್ಯಾನ್ಲಿಯ ಮಾತು ಅಲ್ಲೇ ನಿಂತಿತು. ಎದುರಾಳಿಯ ಮೊಣಕಾಲು ನೇರವಾಗಿ ಹುಡುಗನ ಕುತ್ತಿಗೆಗೆ ಬಡಿದಿತ್ತು. ಕೀತ್ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಿದ್ದ. ಚೆಂಡು ಇನ್ನೂ ಅವನ ಎದೆಯ ಕೆಳಗೇ ಇತ್ತು.

"ಚೆಂಡನ್ನು? ಏನ್ ಮಾಡ್ದ?"

"ಹಿಡಿದ. ಪೂರ್ಣವಿರಾಮ."

ಟೈಪಿನ ಟಕಟಕ ಕೇಳಿಸಿತು. ಇತ್ತ ಹದಿನಾಲ್ಕು ಸಾವಿರ ಜನ ಒಮ್ಮೆಗೇ ಸುಮ್ಮನಾದರು. ಆ ಮೌನವೂ ಫೋನಿನಲ್ಲಿ ಹೋಯಿತು.

"ಯಾಕೋ ಅಲ್ಲಿ ಎಲ್ಲ ಗಪ್‌ಚಿಪ್ ಆದ್ರು? ಸ್ಟ್ಯಾನ್ಲಿ?"

"ಸ್ವಲ್ಪ ಏಟಾಯ್ತು ಅಷ್ಟೇ. ಎದ್ದು ನಿಂತ. ಜನರ ಕಡೆ ಕೈ ಬೀಸ್ತಿದಾನೆ."

"ಕಂಡಿದ್ದೋ, ಕಟ್ಟಿದ್ದೋ?"

ಮುಂದೆ ಆಗಬೇಕಾದ್ದನ್ನು ಆಗಿಹೋಯಿತೆಂದು ಬರೆಸಿ, ಆಮೇಲೆ ಅದು ಆಗಲಪ್ಪಾ ಎಂದು ಬೇಡಿಕೊಳ್ಳುವುದು ಈ ಕಸುಬಿನವರ ಹಳೆಯ ರೋಗ. ಸೀಟಿ ಊದುವ ಮೊದಲೇ ಗೆದ್ದವರ ಹೆಸರು ಬರೆಸುವ ಜನ. ಇನ್ನೊಂದು ಕ್ಷಣಕ್ಕೆ ಹುಡುಗ ಎದ್ದೇ ಏಳುತ್ತಾನೆ, ಸುಳ್ಳು ನಿಜವಾಗುತ್ತದೆ ಎಂದು ಸ್ಟ್ಯಾನ್ಲಿ ನಂಬಿದ. ನಂಬಲು ಒದ್ದಾಡಿದ.

"ಕಂಡಿದ್ದು," ಎಂದ.

"ಅಬ್ಬ! ಜೀವ ಬಾಯಿಗೆ ಬಂದಿತ್ತು ಮಾರಾಯ. ಹ್ಞೂಂ, ಮುಂದೆ ಹೇಳು."

ಹುಡುಗ ಏಳಲಿಲ್ಲ. ತಂಡದ ಉಪಚಾರದವನು ಬಕೆಟ್ಟು, ಸ್ಪಂಜು ಹಿಡಿದು ಓಡಿದ. ಮುಟ್ಟಲು ಹೆದರಿ ವೈದ್ಯರನ್ನು ಕೈ ಬೀಸಿ ಕರೆದ. ಸ್ಟ್ಯಾನ್ಲಿ ಹಿಂದಿನ ಆಟದ ಅಂಕಿ ಅಂಶ, ಮಳೆ, ಮೈದಾನದ ಕೆಸರು ಎಂದು ಬಾಯಿಗೆ ಬಂದದ್ದನ್ನು ಹೇಳುತ್ತಲೇ ಹೋದ. ಹೀಗೆ ನಾಲ್ಕು ನಿಮಿಷ. ಕೊನೆಗೆ ಸ್ಟ್ರೆಚರ್ ಬಂತು.

ಪಕ್ಕದಲ್ಲಿದ್ದ ಬೇರೆ ಪತ್ರಿಕೆಯ ಪರ್ಸಿ ಅವನ ತೋಳು ಹಿಂಡಿದ. "ಲೋ, ಅವಳಿಗೆ ಹೇಳೋ! ಆಂಬುಲೆನ್ಸ್ ಹೋಗೋದು ನಿಮ್ಮ ಕಚೇರಿ ಹಿಂದಿನ ದಿಣ್ಣೆ ಮೇಲಿರೋ ಆಸ್ಪತ್ರೆಗೇ. ಆ ದಿಣ್ಣೆ ಹತ್ತೋಕೆ ಅವಳಿಗೆ ಹತ್ತು ನಿಮಿಷ ಬೇಕು!"

"ಎಡ್ನಾ, ಟೈಪ್ ನಿಲ್ಸು. ಅದು ಕಟ್ಟಿದ್ದು."

"ಯಾವ್ದು?"

"ಕೀತ್ ಎದ್ದಿದ್ದು. ಅವನು ಎದ್ದೇ ಇಲ್ಲ. ಕುತ್ತಿಗೆಗೆ ಏಟು ಬಿದ್ದಿದೆ, ಸ್ಟ್ರೆಚರ್ ಮೇಲೆ ಒಯ್ತಿದಾರೆ. ನೀನು ಆಸ್ಪತ್ರೆಗೆ ಓಡು."

ಅಷ್ಟರಲ್ಲಿ ಸ್ಟ್ರೆಚರ್ ಅವನು ಕೂತಿದ್ದ ಗ್ಯಾಲರಿಯ ಕೆಳಗೇ ಹಾದುಹೋಯಿತು. ಹುಡುಗನ ಹಸಿರು ಅಂಗಿಯ ತೋಳಿನ ತುದಿಯಲ್ಲಿ ಕೆಸರು ಮೆತ್ತಿದ ಬೆರಳುಗಳು ಮೆಲ್ಲಗೆ ಮಡಿಚಿ ಸ್ಟ್ರೆಚರಿನ ಅಂಚನ್ನು ಹಿಡಿದವು.

"ಬೆರಳು ಆಡಿಸ್ದ! ಎಡ್ನಾ, ಬೆರಳು ಆಡಿಸ್ದ! ಇದು ಕಂಡಿದ್ದು, ದೇವರಾಣೆ ಕಂಡಿದ್ದು!"

"ಅದನ್ನೂ ನೀನು ಕಂಡಿದ್ದು ಅಂದಿದ್ದೆ," ಎಂದಳು ಎಡ್ನಾ.

ಹೆಡ್‌ಫೋನ್ ಮೇಜಿಗೆ ಬಡಿದ ಸದ್ದು, ಕುರ್ಚಿ ಎಳೆದ ಸದ್ದು. ಸ್ವಲ್ಪ ಹೊತ್ತಿಗೆ ಬೇರೊಂದು ದನಿ ಬಂತು.

"ನಾನು ಮೇವಿಸ್. ಎಡ್ನಾ ಕೋಟೂ ಹಾಕ್ಕೊಳ್ದೆ ಓಡಿದ್ಲು. ಇಲ್ಲಿ 'ಹ್ಯಾಸ್ಲಮ್ ಎದ್ದು ನಿಂತು ಜನರತ್ತ ಕೈ ಬೀಸಿದ' ಅಂತ ಇದೆ. ಹಾಗೇ ಬಿಡ್ಲಾ?"

"ಹೊಡೆದು ಹಾಕಮ್ಮ," ಎಂದ ಸ್ಟ್ಯಾನ್ಲಿ.

ಕೀತ್ ಬದುಕಿದ. ಕುತ್ತಿಗೆಗೆ ತಿಂಗಳುಗಟ್ಟಲೆ ಪಟ್ಟಿ. ಗೋಲಿನಲ್ಲಿ ನಿಲ್ಲುವ ಮಾತು ಮುಗಿದಂತೆಯೇ. ಆಂಬುಲೆನ್ಸಿನಿಂದ ಇಳಿಸುವಾಗ ಅವನಿಗೆ ಎಚ್ಚರವಿತ್ತಂತೆ, "ಅಮ್ಮ ಎಲ್ಲಿ?" ಎಂದು ಕೇಳಿದನಂತೆ. ಎಡ್ನಾ ತಲುಪುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ಮುಚ್ಚಿ ಮೂರು ನಿಮಿಷವಾಗಿತ್ತು. ಮಗ ಇದ್ದಾನೋ ಇಲ್ಲವೋ ತಿಳಿಯದೆ ಅವಳು ಮೂರು ಗಂಟೆ ಬೆಂಚಿನ ಮೇಲೆ ಕೂತಿದ್ದಳು.

ಸ್ಟ್ಯಾನ್ಲಿ ಕ್ಷಮೆ ಕೇಳಲು ಹೋದಾಗ ಅವಳು ಚಹಾ ಕೊಟ್ಟಳು, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ಶನಿವಾರ ಅವಳು ಕೆಲಸಕ್ಕೆ ಮರಳಿದಳು. ಊರಿಗೆ ಊರೇ ಮಳೆಯಲ್ಲಿ ತೊಯ್ಯುತ್ತಿತ್ತು. ಸ್ಟ್ಯಾನ್ಲಿ ಬೇಕೆಂದೇ ಹೇಳಿದ: "ಆಗ ಮೋಡ ಸರಿದು, ಅಲ್ಪವಿರಾಮ, ಬಿಸಿಲು ನೇರವಾಗಿ ನಾಯಕನ ಮುಖದ ಮೇಲೆ ಬಿತ್ತು."

ಹೇಳಿ ಅವಳ ಆ ಪ್ರಶ್ನೆಗಾಗಿ ಕಾದ. ಆಚೆ ಕಡೆ ಕಿಟಕಿಗೆ ಮಳೆ ಹೊಡೆಯುತ್ತಿದ್ದುದು ಫೋನಿನಲ್ಲೇ ಕೇಳಿಸುತ್ತಿತ್ತು. ಅದರ ನಡುವೆ ಟೈಪಿನ ಸದ್ದು ಎಲ್ಲೂ ತಡೆಯದೆ ಸಾಲಿನ ಕೊನೆ ಮುಟ್ಟಿತು.

"ಮುಂದೆ?" ಎಂದಳು ಎಡ್ನಾ.