ಬದಲಿ ಹೆಗಲು

ನನ್ನ ತಮ್ಮನ ಅಂಗೈಗೆ ದಬ್ಬಣ ಚುಚ್ಚಿದವನು ನನ್ನ ಗಂಡ. ನನ್ನ ಗಂಡನ ಮುರಿದ ಹೆಗಲಿಗೆ ಗುದ್ದಿದವನು ನನ್ನ ತಮ್ಮ. ಅವತ್ತು ಇಬ್ಬರಿಗೂ ಸರಿಯಾಗಿ ಬಾರಿಸಿದವಳು ನಾನು, ಪವಿತ್ರ. ಶಿಕಾರಿಪುರದ ಮಾರುಕಟ್ಟೆಯಲ್ಲಿ ಈಗಲೂ ಕೆಲವರು ನನ್ನನ್ನು ಕಂಡರೆ ದಾರಿ ಬಿಡುತ್ತಾರೆ. ಬಿಡಲಿ, ನನಗೇನು! ಆದರೆ ಹೊಡೆದಾಟದ ಕಥೆಯನ್ನು ಬಾಯಿ ಚಪ್ಪರಿಸಿಕೊಂಡು ಹೇಳುವವರು ಯಾರೂ ಅದರ ಬುಡ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಮ್ಮದು ಉಡುತಡಿ. ಗಂಡ ಗುಡ್ಡಪ್ಪ ಶಿಕಾರಿಪುರದಲ್ಲಿ ಸುರೇಂದ್ರ ಸಾಹುಕಾರರ ಮೆಕ್ಕೆಜೋಳದ ಗೋದಾಮಿನಲ್ಲಿ ಹಮಾಲಿ. ನಾನು ಅಲ್ಲೇ ಚೆಲ್ಲಿದ ಕಾಳು ಗುಡಿಸಿ, ಕೇರಿ, ಚೀಲಕ್ಕೆ ತುಂಬುವವಳು. ಸುಗ್ಗಿಯ ನಡುವೆ ಒಂದು ದಿನ, ಮಾಡಿನವರೆಗೆ ಒಟ್ಟಿದ್ದ ಚೀಲಗಳು ಜಾರಿ ನನ್ನ ಕಣ್ಣೆದುರೇ ಗಂಡನ ಮೇಲೆ ಬಿದ್ದವು. ಎಡ ಹೆಗಲಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆ ಸದ್ದು ಕೇಳಿದ ಮೇಲೆ ಎಷ್ಟೋ ದಿನ ನನಗೆ ಅನ್ನ ಸೇರಲಿಲ್ಲ.

ಮೂಳೆ ಕೂಡುವವರೆಗೆ ಭಾರ ಎತ್ತಬಾರದು, ಹಗುರ ಕೆಲಸ ಆದರೆ ನೋಡಿ ಎಂದರು ಡಾಕ್ಟರು. ಹಮಾಲರಲ್ಲಿ ಹಗುರ ಕೆಲಸ ಎಂಬುದೇ ಇಲ್ಲ. ಅವರಲ್ಲಿ ಇರುವುದು ಬೇರೆ ಪದ್ಧತಿ. ತಂಡದಲ್ಲಿ ಒಬ್ಬೊಬ್ಬನ ಜಾಗಕ್ಕೂ ಅವರು ಹೆಗಲು ಎನ್ನುತ್ತಾರೆ. ಒಬ್ಬನಿಗೆ ಪೆಟ್ಟಾದರೆ ಅವನ ಮನೆಯಿಂದ ಬದಲಿಗೆ ಒಂದು ಹೆಗಲು ಬರಬೇಕು, ಆಗ ಜಾಗ ಉಳಿಯುತ್ತದೆ. ಬದಲಿಯವನಿಗೆ ಅರ್ಧ ಪಾಲು, ಪೆಟ್ಟಾದವನು ಮನೆಯಲ್ಲಿ ಮಲಗಿದ್ದರೂ ಅವನಿಗೆ ಇನ್ನರ್ಧ. ವಾಸಿಯಾದ ಮೇಲೆ ಅವನು ಎಲ್ಲರೆದುರು ಒಂದು ಚೀಲ ಹೊತ್ತು ಹಲಗೆ ಹತ್ತಿ ಲಾರಿಗೆ ಹಾಕಬೇಕು. ಹಾಕಿದರೆ ಜಾಗ ಅವನದು. ಬಿದ್ದರೆ ಬದಲಿ ಬಂದವನದು. ಯಾರೂ ಬರೆದಿಟ್ಟದ್ದಲ್ಲ, ಆದರೆ ತಂಡದ ಮೇಸ್ತ್ರಿ ಕಲ್ಲಪ್ಪಣ್ಣ ಅದನ್ನು ದೇವರ ಮಾತಿನ ಹಾಗೆ ನಡೆಸಿಕೊಂಡು ಬಂದಿದ್ದ.

ನಾನು ತವರಿಗೆ ಫೋನು ಮಾಡಿದೆ. ಸೊರಬದ ಕಡೆ ಉಳವಿಯಿಂದ ತಮ್ಮ ಗಿರೀಶ ಮರುದಿನವೇ ಬಸ್ಸಿಳಿದ. "ಎಂತ ಆಗಲ್ಲ ಅಕ್ಕ, ಭಾವ ಹುಷಾರಾಗೋ ತನಕ ನಾ ಇರ್ತೆ. ನೀ ಅಳಬ್ಯಾಡ ಮಾರಾಯ್ತಿ" ಎಂದ. ಆಪತ್ತಿಗಾದವನೇ ನೆಂಟ ಅಂತ ನಾನು ಅವನಿಗೆ ಕೋಳಿ ಕೊಯ್ದು ಹಾಕಿದೆ.

ಆಗ ಸುರೇಂದ್ರ ಸಾಹುಕಾರರಿಗೆ ಕರುಣೆ ಉಕ್ಕಿತು. "ಪಾಪ, ಹುಡುಗ ಅಷ್ಟು ದೂರದಿಂದ ಬಂದಾನೆ, ಪೂರ್ತಿ ಪಾಲು ಅವನೇ ತಗಳ್ಳಿ. ಗುಡ್ಡಪ್ಪ ಮನೇಲಿ ಕುಂತು ಏನ್ ಮಾಡ್ತಾನೆ? ಇಲ್ಲೇ ನೆಳ್ಳಾಗೆ ಚೀಲದ ಬಾಯಿ ಹೊಲೀಲಿ. ಹಗುರ ಕೆಲ್ಸ. ಅರ್ಧ ಕೂಲಿ ನಾ ಕೊಡ್ತೀನಿ" ಎಂದರು. ತಂಡದವರು ಭೇಷ್ ಅಂದರು. ಕಲ್ಲಪ್ಪಣ್ಣನೂ ತಲೆಯಾಡಿಸಿದ. ಮಲಗಿದ್ದವನಿಗೆ ಪಾಲು ಕೊಡುವ ಮುಜುಗರ ಇನ್ನು ಯಾರಿಗೂ ಇಲ್ಲವಲ್ಲ! ನನ್ನ ಗಂಡನೂ ಹಿಗ್ಗಿದ, ಬಿಟ್ಟಿ ತಿನ್ನುವುದು ತಪ್ಪಿತು ಅಂತ. ಮಲಗಿದ್ದರೂ ಬರುತ್ತಿದ್ದ ಅರ್ಧಕ್ಕೆ ಈಗ ದಿನವಿಡೀ ದುಡಿಯಬೇಕು ಎಂಬುದು ನನಗೂ ಹೊಳೆಯಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅರ್ಧ ಕೂಲಿಗೆ ಪೂರ್ತಿ ಆಳು ತೆಗೆದಿದ್ದರು ಸಾಹುಕಾರರು.

ಹೊರುವವರು ಲಾರಿ ಬಂದಾಗ ಬಂದು, ತುಂಬಿಸಿ ಹೋಗುತ್ತಾರೆ. ಹೊಲಿಯುವವನು ಬೀಗ ತೆಗೆಯುವ ಹೊತ್ತಿಗೆ ಬರಬೇಕು, ಕೊನೆಯ ಚೀಲ ಹೊಲಿದು ಏಳಬೇಕು. ಎಡಗೈಯಲ್ಲಿ ಚೀಲದ ಬಾಯಿ ಹಿಡಿದು ಬಲಗೈಯಲ್ಲಿ ದಬ್ಬಣ ಎಳೆದಾಗಲೆಲ್ಲ ಗಂಡನ ಮುಖ ಸೊಟ್ಟಗಾಗುತ್ತಿತ್ತು. ಹೆಗಲು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮನೆಗೆ ಬಂದರೆ ಹಲ್ಲು ಕಚ್ಚಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಹೀಗೇ ನಡೆದರೆ ಮೂಳೆ ಕೂಡುವುದಿಲ್ಲ, ಇವನು ಇನ್ನು ಹಲಗೆ ಹತ್ತುವುದಿಲ್ಲ, ಜಾಗ ಹೋಯಿತು ಎಂಬ ಹೆದರಿಕೆ ನನಗೆ ಹತ್ತಿತು. ಆ ಜಾಗ ಬಿಟ್ಟರೆ ನಮಗೆ ಬೇರೆ ಏನಿದೆ?

ಒಂದು ದಿನ ಸಾಹುಕಾರರ ಮೇಜಿನ ಮುಂದೆ ನಿಂತು ಕೇಳಿಯೇಬಿಟ್ಟೆ. "ಸಾವ್ಕಾರ್ರೆ, ಅರ್ಧ ಕೂಲಿ ಅಂದ್ಮೇಲೆ ಅರ್ಧ ಹೊತ್ತು ಕೆಲ್ಸ ಅಲ್ಲೇನ್ರೀ? ಹೊರೋರು ಮನೆಗೋಗಿ ಉಂಡು ಮಲಗಿರ್ತಾರೆ, ನಮ್ಮನೆಯೋರು ಇನ್ನೂ ಹೊಲೀತಾನೇ ಇರ್ತಾರೆ."

"ಕುಂತು ಮಾಡೋ ಕೆಲ್ಸಕ್ಕೆ ಯಾರಾದ್ರೂ ಹೊತ್ತು ಲೆಕ್ಕ ಹಾಕ್ತಾರೇನಮ್ಮ?"

"ಹಂಗಾರೆ ನೀವೂ ಕುಂತೇ ಇದೀರಲ್ಲ, ನೀವೂ ಅರ್ಧ ತಗಳ್ರಿ!"

ಅಲ್ಲಿದ್ದವರು ಕಿಸಕ್ಕನೆ ನಕ್ಕರು. ಸಾಹುಕಾರರ ಮುಖ ಕೆಂಪಗಾಯಿತು. "ಬಾಯಿ ಬಾಳ ಉದ್ದ ಆತು ನಿಂದು. ಆಗಲ್ಲ ಅಂದ್ರೆ ಮನೇಲಿರ್ಲಿ ಅವ್ನು. ಆ ಹೆಗಲು ಹೆಂಗಿದ್ರೂ ಗಿರೀಶಂದು ಅಂತ ಆಗೇ ಹೋಗೈತೆ" ಎಂದು ಗೋದಾಮಿಗೆಲ್ಲ ಕೇಳುವಂತೆ ಕೂಗಿದರು. ಹೊಲಿಯುತ್ತಿದ್ದ ಗಂಡನ ಕೈ ನಿಂತಿತು. ಚೀಲ ಹೊತ್ತಿದ್ದ ಗಿರೀಶ ಇಲ್ಲ ಎನ್ನಲಿಲ್ಲ. ಪೂರ್ತಿ ಪಾಲಿನ ರುಚಿ ಹತ್ತಿತ್ತು ಅವನಿಗೆ. ಥೂ, ನನ್ನ ಒಡಹುಟ್ಟಿದವನೇ!

ಅಲ್ಲಿಂದ ಮನೆಯಲ್ಲಿ ಒಲೆ ಉರಿಯುವುದಕ್ಕಿಂತ ಹೆಚ್ಚು ಅವರಿಬ್ಬರ ಹೊಟ್ಟೆ ಉರಿಯಿತು. ಗಂಡ ತಮ್ಮನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ತಮ್ಮ ಬೇಕೆಂದೇ ಅವನೆದುರು ಹೆಗಲು ನೀವಿಕೊಳ್ಳುತ್ತ ಓಡಾಡಿದ. ಇಬ್ಬರಿಗೂ ಬೈದು ಬೈದು ನನ್ನ ಗಂಟಲು ಬಿದ್ದುಹೋಯಿತು.

ಆಮೇಲಿನದು ಒಂದು ಮಂಗಳವಾರ ನಡೆದದ್ದು. ದಾವಣಗೆರೆಗೆ ಹೋಗುವ ಲಾರಿ ನಿಂತಿತ್ತು. ಗಿರೀಶ ಚೀಲ ಹೊತ್ತು ಹಲಗೆಯ ನಡುವಿದ್ದ. ಚೀಲದ ಬಾಯಿಯ ಹೊಲಿಗೆ ಬಿಚ್ಚಿಕೊಂಡು ಕಾಳೆಲ್ಲ ಅವನ ಕುತ್ತಿಗೆಯ ಮೇಲಿಂದ ಸುರಿಯಿತು. ಕಾಲಡಿ ಕಾಳು ಉರುಳಿ ಅವನು ಹಲಗೆಯಿಂದ ಕೆಳಗೆ ಬಿದ್ದ. ಎದ್ದವನೇ, "ಬೇಕಂತಲೇ ಸಡಿಲ ಹೊಲೀತೀಯಾ? ನನ್ನ ಸೊಂಟ ಮುರೀಬೇಕಂತ ಮಾಡಿಯಾ?" ಎಂದು ಕೂಗುತ್ತ ಹೋಗಿ ಭಾವನ ಮುರಿದ ಹೆಗಲಿನ ಮೇಲೇ ಮುಷ್ಟಿಯಿಂದ ಗುದ್ದಿದ.

ಗಂಡ ಕೂಗಿದ ಕೂಗು ಮನುಷ್ಯನದಾಗಿರಲಿಲ್ಲ. ಕೈಯಲ್ಲಿದ್ದ ದಬ್ಬಣವನ್ನು ಬೀಸಿದ. ಗಿರೀಶ ಮುಖಕ್ಕೆ ಅಂಗೈ ಅಡ್ಡ ಹಿಡಿದ. ದಬ್ಬಣ ಅಂಗೈಯಲ್ಲಿ ಹೊಕ್ಕು ಹಿಂದಿನಿಂದ ಹೊರಬಂತು, ದಾರದ ಸಮೇತ. ಗಿರೀಶ ಇನ್ನೊಂದು ಕೈಯಲ್ಲಿ ಭಾವನ ಕತ್ತು ಹಿಸುಕಿದ. ಗಂಡ ದಬ್ಬಣ ಎಳೆದು ಮತ್ತೆ ಕಣ್ಣಿಗೇ ಗುರಿಯಿಟ್ಟ. ತಂಡದವರು ಸುತ್ತ ನಿಂತು ನೋಡುತ್ತಿದ್ದರು, ಹುಂಜದ ಪಂದ್ಯಕ್ಕೆ ಬಂದವರ ಹಾಗೆ.

ನಾನು ನುಗ್ಗಿದೆ. ಗಂಡನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದೆ, ಬಾಯಲ್ಲಿ ರಕ್ತ ಬಂದರೂ ದಬ್ಬಣ ಬೀಳುವವರೆಗೆ ಬಿಡಲಿಲ್ಲ. ತಮ್ಮನ ಮುಖಕ್ಕೆ ಪೊರಕೆಯ ಹಿಡಿಯಿಂದ ಹೊಡೆದೆ. ಒಂದಲ್ಲ, ಕೈ ಸೋಲುವಷ್ಟು. "ಸಾಯ್ರಿ! ಇಬ್ರೂ ಸಾಯ್ರಿ! ನನ್ನ ತಾಳಿ ನೀ ಕೀಳು, ನನ್ನ ತವರು ನೀವು ಸುಡ್ರಿ!" ಎಂದು ಕಿರುಚಿದೆ. ಇಬ್ಬರೂ ಕಾಳಿನ ರಾಶಿಯ ಮೇಲೆ ಬಿದ್ದುಕೊಂಡು ಏದುಸಿರು ಬಿಟ್ಟರು. ಹಳದಿ ಕಾಳಿನ ಮೇಲೆ ರಕ್ತ ಹರಿಯಿತು.

ಸುರೇಂದ್ರ ಸಾಹುಕಾರರು ಬಂದರು. ಗಾಯ ನೋಡಲಿಲ್ಲ. "ಕೆಂಪಾದ ಕಾಳು ಬೇರೆ ತೆಗೀರಿ, ಹಂಗೇ ಹೋದ್ರೆ ಮಾಲು ವಾಪಸ್ ಬರ್ತೈತೆ" ಎಂದರು. ಆಮೇಲೆ ಗಿರೀಶನ ಕೈ ಕಡೆ ಕಣ್ಣು ಹಾಯಿಸಿ, "ನಿಂಗೂ ಇನ್ನು ಭಾರ ಆಗಲ್ಲ ಬಿಡು. ನೀನೂ ಇಲ್ಲೇ ಕುಂತು ಹೊಲಿ. ಹಗುರ ಕೆಲ್ಸ, ಅರ್ಧ ಕೂಲಿ. ಕಲ್ಲಪ್ಪ, ಆ ಹೆಗಲು ಖಾಲಿ ಆತು. ನಮ್ಮ ಕಡೆ ಆಳು ಒಬ್ಬ ಅವ್ನೆ, ಹಾಕ್ಕೊ" ಎಂದರು.

ನನ್ನ ಮೈ ಉರಿದುಹೋಯಿತು. ಒಂದು ಜಾಗ, ಎರಡು ಮುರಿದ ಮೈ, ಎರಡು ಅರ್ಧ ಕೂಲಿ, ಜಾಗವೂ ಅವರಿಗೇ! ಮೊರದಲ್ಲಿ ಬಳಿದಿಟ್ಟಿದ್ದ ಕೆಂಪು ಕಾಳನ್ನು ಎತ್ತಿ ಸಾಹುಕಾರರ ಬಿಳಿ ಅಂಗಿಯ ಮೇಲೆ ಎರಚಿದೆ. "ತಗಳ್ರಿ, ಬೇರೆ ತೆಗ್ದೀನಿ" ಎಂದೆ. ಅವರು ಕೈ ಎತ್ತಿಕೊಂಡು ಬಂದರು. ನಾನು ಬಿದ್ದಿದ್ದ ದಬ್ಬಣ ತೆಗೆದುಕೊಂಡೆ. ಅವರು ಅಲ್ಲೇ ನಿಂತರು.

"ಕಲ್ಲಪ್ಪಣ್ಣ, ಹೆಗಲು ಖಾಲಿ ಆಗಿಲ್ಲ. ನಮ್ಮನೆಯಿಂದ ಇನ್ನೊಂದು ಐತೆ. ನಾ ಹೊರ್ತೀನಿ."

ಕಲ್ಲಪ್ಪಣ್ಣ ತಲೆ ಕೆರೆದುಕೊಂಡ. "ಹೆಣ್ಣು ಹಲಗೆ ಹತ್ತಿದ್ದು ಇಲ್ವಲ್ಲವ್ವ."

"ಮನೆಯಿಂದ ಒಂದು ಹೆಗಲು ಬರ್ಬೇಕು ಅಂದ್ರಿ. ಮೀಸೆ ಇರೋ ಹೆಗಲು ಅಂದಿದ್ರಾ? ನಾ ಹತ್ತಿದ್ರೆ ಹಳೇ ಪದ್ಧತಿ ನಡೀಬೇಕು. ನಂಗೆ ಅರ್ಧ ಪಾಲು, ನಮ್ಮನೆಯೋರಿಗೆ ಅರ್ಧ, ಮನೇಲಿ ಮಲಗಿರೋದಕ್ಕೆ. ಯಾವ ಹೊಲಿಗೇನೂ ಬ್ಯಾಡ. ಬಿದ್ರೆ ಜಾಗ ನಿಮ್ದು."

ಅವನು ನನ್ನನ್ನು ನೋಡಿದ. ಸಾಹುಕಾರರನ್ನೂ ನೋಡಿದ. ಕೊನೆಗೆ, "ಹೊರ್ಸ್ರೋ" ಎಂದ.

ತಂಡದ ಇಬ್ಬರು ಚೀಲ ಎತ್ತಿ ನನ್ನ ಬೆನ್ನಿಗಿಟ್ಟರು. ಅವ್ವಾ! ಗೊಬ್ಬರದ ಬುಟ್ಟಿ, ನೆಲ್ಲಿನ ಹೊರೆ ಎಷ್ಟೋ ಹೊತ್ತಿದ್ದೇನೆ. ಇದು ಹಾಗಲ್ಲ. ಕತ್ತು ಒಳಗೆ ಇಳಿದುಹೋಯಿತು, ಕಣ್ಣು ಮಂಜಾಯಿತು. ಹಲಗೆ ಕಾಲಡಿ ಬಳುಕಿತು. ನಡುವೆ ಒಮ್ಮೆ ಮಂಡಿ ಮಡಿಚಿತು. ಗಿರೀಶ ರಕ್ತ ಸೋರುವ ಕೈಯಲ್ಲಿ ಆನಿಸಲು ಓಡಿಬಂದ. "ಮುಟ್ಟಿದ್ರೆ ಒದೀತೀನಿ" ಎಂದೆ. ಮೂಗಿನಿಂದ ಬೆಚ್ಚಗೆ ಏನೋ ಇಳಿದು ತುಟಿಗೆ ಬಂತು, ಉಪ್ಪುಪ್ಪು. ಹತ್ತಿದೆ. ಚೀಲವನ್ನು ಲಾರಿಯೊಳಗೆ ಕೆಡವಿದೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕಲ್ಲಪ್ಪಣ್ಣ ಮಾತ್ರ, "ಹೆಗಲು ಐತೆ. ಗುಡ್ಡಪ್ಪ, ನೀ ಮನೆಗೆ ನಡಿ. ನಿನ್ನ ಪಾಲು ಬರ್ತೈತೆ" ಎಂದ. ಗಂಡ ನನ್ನನ್ನೇ ನೋಡುತ್ತ ಚಿಕ್ಕ ಮಗುವಿನ ಹಾಗೆ ಅಳತೊಡಗಿದ. ನನಗೂ ಅಳು ಬಂತು. ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಪ್ರೀತಿಯೂ ಇತ್ತು, ಏನು ಮಾಡಲಿ? "ನೋಡ್ತಾ ನಿಲ್ಬ್ಯಾಡ್ರಿ. ಹೋಗ್ರಿ, ಮಲಕ್ಕಳ್ರಿ. ಆ ಮೂರ್ಖನ್ನೂ ಆಸ್ಪತ್ರೆಗೆ ಕರ್ಕೊಂಡೋಗ್ರಿ" ಎಂದು ರೇಗಿದೆ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಗೇಟು ದಾಟಿ ಹೋದರು.

ನಾನು ಹಲಗೆ ಇಳಿದು ಬಂದೆ. ಗೆದ್ದೆ, ಒಂದು ಗಳಿಗೆ ಎಲ್ಲಾದರೂ ಕೂರೋಣ ಅನ್ನಿಸಿತು. ಅಷ್ಟರಲ್ಲಿ ಚೀಲ ಹೊರಿಸಿದ್ದ ಆ ಇಬ್ಬರು ಮುಂದಿನ ಚೀಲವನ್ನು ಎತ್ತಿ ಹಿಡಿದು ನಿಂತಿದ್ದರು. ಲಾರಿ ಅರ್ಧವೂ ತುಂಬಿರಲಿಲ್ಲ.

"ಬೆನ್ನು ಕೊಡವ್ವ" ಎಂದ ಕಲ್ಲಪ್ಪಣ್ಣ.

ಕೊಟ್ಟೆ.